ಸಮಗಾರ ಹರಳಯ್ಯನವರು

ಶ್ರಾವಣ ಮಾಸದ ಪುರಾಣದಲ್ಲಿ ಹರಳಯ್ಯನವರ ಪ್ರಸಂಗ ಬರುವ ದಿನ ಮಠದ ಅಂಗಳದಲ್ಲಿ ಕೂಡಲು ಜಾಗ ಸಿಗುವುದಿಲ್ಲ. ಅಕ್ಕಲಕೋಟೆ, ಜತ್ತ, ಸೊಲ್ಲಾಪುರ ಭಾಗದ ಸದ್ಭಕ್ತರಿಗೆ ಇದನ್ನು ಹೇಳಬೇಕಾಗಿಲ್ಲ. ಶಾಸ್ತ್ರಿಗಳು ತೊಡೆಯ ತೊಗಲಿನ ಮಾತಿಗೆ ಬರುತ್ತಲೇ ತಾಯಂದಿರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಪಾದರಕ್ಷೆಯ ಕಥೆ ಕೇಳಲು ಬಂದವರ ಪಾದರಕ್ಷೆಗಳು ಬಾಗಿಲಾಚೆ ರಾಶಿ ಬಿದ್ದಿರುತ್ತವೆ. ಅವುಗಳನ್ನು ಹೊಲಿದವನು ಎಲ್ಲಿ ಕುಳಿತು ಪುರಾಣ ಕೇಳುತ್ತಿದ್ದಾನೆ ಎಂದು ತಿರುಗಿ ನೋಡಿದವರು ಕಡಿಮೆ.

ಹರಳಯ್ಯನವರ ಚರಿತ್ರೆಗೆ ಎರಡು ಭಾಗಗಳಿವೆ. ಒಂದು ಪಾದರಕ್ಷೆಯದು, ಇನ್ನೊಂದು ಮದುವೆಯದು. ಮೊದಲನೆಯದನ್ನು ನಾವು ಕಣ್ಣೀರು ಬರುವಂತೆ ವಿಸ್ತಾರವಾಗಿ ಹೇಳುತ್ತೇವೆ. ಎರಡನೆಯದನ್ನು ಮಂಗಳಾರತಿಗೆ ಹೊತ್ತಾಯಿತೆಂದು ನಾಲ್ಕು ಮಾತಿನಲ್ಲಿ ಮುಗಿಸುತ್ತೇವೆ. ಎರಡೂ ಕೂಡಿದರೇ ಹರಳಯ್ಯನವರು. ಅವೆರಡಕ್ಕೂ ಮೊದಲು ಅವರ ಕಾಯಕದ ಮಾತು ಬರಬೇಕು, ಏಕೆಂದರೆ ಅದನ್ನು ಬಲ್ಲವರೇ ಈಗ ಕಡಿಮೆಯಾಗುತ್ತಿದ್ದಾರೆ.

ಹನ್ನೆರಡನೆಯ ಶತಮಾನದ ಕಲ್ಯಾಣ ದೊಡ್ಡ ರಾಜಧಾನಿ. ಚಾಲುಕ್ಯರ ಸಾಮಂತನಾಗಿದ್ದ ಕಲಚುರಿ ಬಿಜ್ಜಳನು 1162ರ ಹೊತ್ತಿಗೆ ಅಲ್ಲಿನ ಸಿಂಹಾಸನವನ್ನು ತನ್ನದಾಗಿಸಿಕೊಂಡಿದ್ದನು. ಬಸವಣ್ಣನವರು ಅವನ ಭಂಡಾರಿಗಳು. ಅವರ ಮಹಾಮನೆಗೆ ಕಾಶ್ಮೀರದಿಂದ ಮೋಳಿಗೆ ಮಾರಯ್ಯನವರು ಬಂದರು, ಮಾಳವದಿಂದ ಡೋಹರ ಕಕ್ಕಯ್ಯನವರು ಬಂದರು, ನಮ್ಮ ಸೊನ್ನಲಿಗೆಯಿಂದ ಸಿದ್ಧರಾಮೇಶ್ವರರು ಬಂದರು. ಅದೇ ಕಲ್ಯಾಣದಲ್ಲಿ ತೊಗಲು ಹದಮಾಡಿ ಪಾದರಕ್ಷೆ ಹೊಲಿದು ಜೀವನ ನಡೆಸುತ್ತಿದ್ದವರು ಹರಳಯ್ಯನವರು ಮತ್ತು ಅವರ ಧರ್ಮಪತ್ನಿ ಕಲ್ಯಾಣಮ್ಮನವರು. ಅವರಿಗೆ ಶೀಲವಂತ ಎಂಬ ಮಗನಿದ್ದನು.

ತೊಗಲಿನ ಕಾಯಕವೆಂದರೆ ತಾಳ್ಮೆಯ ಕಾಯಕ. ಹಸಿಯ ತೊಗಲು ಒಂದೆರಡು ದಿನ ಹಾಗೇ ಬಿದ್ದರೆ ಕೊಳೆಯುತ್ತದೆ, ಬಿಸಿಲಿಗೆ ಒಣಗಿದರೆ ಹಲಗೆಯಂತೆ ಬಿರುಸಾಗುತ್ತದೆ. ಆದ್ದರಿಂದ ಮೊದಲು ಉಪ್ಪು ಸವರಿ ಕೆಡದಂತೆ ಮಾಡಬೇಕು. ಬಳಿಕ ಸುಣ್ಣದ ಗುಂಡಿಯಲ್ಲಿ ಎಂಟು ಹತ್ತು ದಿನ ನೆನೆಹಾಕಿದರೆ ಕೂದಲಿನ ಬೇರು ಸಡಿಲಾಗುತ್ತದೆ. ಒಂದು ಮೈಯಿಂದ ಕೂದಲನ್ನೂ ಇನ್ನೊಂದು ಮೈಯಿಂದ ಅಂಟಿದ ಮಾಂಸವನ್ನೂ ಹೆರೆದು, ಸುಣ್ಣದ ಅಂಶ ಹೋಗುವತನಕ ನೀರಿನಲ್ಲಿ ತೊಳೆದು ತುಳಿಯಬೇಕು. ಇಷ್ಟಾದರೂ ಅದು ಇನ್ನೂ ಹಸಿಯೇ. ಹದ ಬರುವುದು ತೊಗಟೆಯ ರಸದಿಂದ. ತಂಗಡಿ, ಅಂದರೆ ಆವರಿಕೆ ಗಿಡದ ತೊಗಟೆ, ಜಾಲಿಯ ತೊಗಟೆ, ಅಳಲೆಕಾಯಿ, ಇವು ನಮ್ಮ ಬಯಲುಸೀಮೆಯ ಸಮಗಾರರ ಔಷಧಿಗಳು. ಇವುಗಳಲ್ಲಿರುವ ಒಗರು ತೊಗಲಿನ ಎಳೆ ಎಳೆಯನ್ನೂ ಹಿಡಿದುಕೊಳ್ಳುತ್ತದೆ, ಆಮೇಲೆ ಅದಕ್ಕೆ ಕೊಳೆಯುವ ಭಯವಿಲ್ಲ. ಹಳ್ಳಿಗಳಲ್ಲಿ ತೊಗಲನ್ನು ಚೀಲದಂತೆ ಹೊಲಿದು, ಕಂಬಕ್ಕೆ ತೂಗುಹಾಕಿ, ಒಳಗೆ ತೊಗಟೆಯ ಪುಡಿ ಮತ್ತು ನೀರು ತುಂಬುತ್ತಿದ್ದರು. ರಸ ಹನಿಹನಿಯಾಗಿ ಹೊರಗೆ ಜಿನುಗುವುದು, ಕೆಳಗಿನ ಬಾನಿಯಲ್ಲಿ ಬಿದ್ದದ್ದನ್ನು ಮತ್ತೆ ಮೇಲೆ ಸುರಿಯುವುದು, ಕೆಲವು ದಿನಗಳ ಮೇಲೆ ಚೀಲವನ್ನು ತಲೆಕೆಳಗು ಮಾಡಿ ತೂಗುವುದು. ಈ ಕೆಲಸಕ್ಕೆ ಅವಸರ ಒಗ್ಗುವುದಿಲ್ಲ. ನಾತಕ್ಕೆ ಊರವರು ಮೂಗು ಮುಚ್ಚಿಕೊಂಡರೂ ಆ ತೊಗಲನ್ನು ಬೇಡವೆಂದವರು ಯಾರೂ ಇರಲಿಲ್ಲ.

ಹದಗೊಂಡ ತೊಗಲಿನ ಮೇಲೆ ಕಾಲಿಟ್ಟು ಸುತ್ತ ಗೀಟು ಹಾಕಿದರೆ ಅಳತೆಯಾಯಿತು. ಅಡಿಗಲ್ಲಿನ ಮೇಲಿಟ್ಟು ರಂಪಿಗೆಯಿಂದ ಕೊಯ್ಯುವುದು, ಕೊಡತಿಯಿಂದ ಬಡಿದು ತೊಗಲನ್ನು ಗಟ್ಟಿ ಮಾಡುವುದು, ಆರಿಯಿಂದ ತೂತು ತೆಗೆದು ತೊಗಲಿನದೇ ಸಣ್ಣ ಎಳೆಯಿಂದ ಹೊಲಿಯುವುದು. ಕೆಳಗಿನ ಅಟ್ಟೆಗೆ ಎಮ್ಮೆಯ ದಪ್ಪ ತೊಗಲೇ ಬೇಕು, ಮೇಲಿನ ಬಾರಿಗೆ ತೆಳುವಾದದ್ದು ನಡೆಯುತ್ತದೆ. ಒಳ್ಳೆಯ ಕೈಕೆಲಸದ ಕಾಲ್ಮರಿಗೆ ಒಂದು ಮೊಳೆಯೂ ಇರುವುದಿಲ್ಲ. ಕೊನೆಗೆ ಎಣ್ಣೆ ಉಣಿಸಿದರೆ ಅದು ಹಾಕಿಕೊಂಡವನ ಕಾಲಿನ ಆಕಾರಕ್ಕೇ ಬಂದು ಕೂಡುತ್ತದೆ. ಅಥಣಿ, ನಿಪ್ಪಾಣಿ, ಮದಭಾವಿ ಕಡೆ ಇಂದಿಗೂ ಈ ರೀತಿ ಹೊಲಿಯುವ ಮನೆತನಗಳಿವೆ. ಗಂಡಸರು ಕೊಯ್ದು ಬಡಿದು ಹೊಲಿದರೆ, ಹೆಂಗಸರು ಮೇಲಿನ ಹೆಣಿಗೆ ಹಾಕುತ್ತಾರೆ. ಕೊಲ್ಹಾಪುರಿ ಎಂದು ಜಗತ್ತು ಕರೆಯುವ ಈ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಾಗ ಅದು ಮಹಾರಾಷ್ಟ್ರದ ಕೊಲ್ಹಾಪುರ, ಸೊಲ್ಲಾಪುರ, ಸಾಂಗಲಿ, ಸಾತಾರಾ ಮತ್ತು ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ, ಹೀಗೆ ಎಂಟು ಜಿಲ್ಲೆಗಳಿಗೆ ಕೂಡಿಯೇ ಸಿಕ್ಕಿತು. ಗಡಿಯ ತಕರಾರು ನಮಗೆ ಬೇಕಾದಷ್ಟಿದೆ, ಸಮಗಾರನ ಆರಿಗೆ ಆ ಗಡಿ ಕಾಣಲಿಲ್ಲ.

ನಮ್ಮ ಹಿರಿಯರ ಒಕ್ಕಲುತನವೇ ಈ ತೊಗಲಿನ ಮೇಲೆ ನಿಂತಿತ್ತು. ಪಂಪಸೆಟ್ಟು ಬರುವ ಮೊದಲು ಬಾವಿಯ ನೀರು ಹೊಲಕ್ಕೆ ಬರುತ್ತಿದ್ದುದು ಕಪಿಲೆಯ ತೊಗಲಿನ ಬಾನಿಯಲ್ಲಿ. ಎತ್ತಿನ ಕೊರಳಿನ ಜತ್ತಿಗೆ, ಬಂಡಿಯ ಮಿಣಿ, ಬಾರಕೋಲು ಎಲ್ಲವೂ ಸಮಗಾರನ ಅಥವಾ ಮಾದಾರನ ಕೈಯಿಂದಲೇ ಬರಬೇಕು. ವ್ಯಾಪಾರಸ್ಥರ ಎಣ್ಣೆ ತುಪ್ಪ ಸಂತೆಯಿಂದ ಸಂತೆಗೆ ಹೋಗುತ್ತಿದ್ದುದು ತೊಗಲಿನ ಬುದ್ದಲಿಗಳಲ್ಲಿ. ಬದಲಿಗೆ ಸುಗ್ಗಿಯ ಕಣದಲ್ಲಿ ಆಯವೆಂದು ಅವನಿಗೆ ಒಂದಿಷ್ಟು ಜೋಳ ಅಳೆದು ಕೊಡುತ್ತಿದ್ದರು, ಅದೂ ದೂರ ನಿಲ್ಲಿಸಿ. ಅವನು ಹೊಲಿದ ಬಾನಿಯ ನೀರಿನಿಂದ ಬೆಳೆದ ಬೆಳೆ ಮೈಲಿಗೆಯಲ್ಲ, ಆದರೆ ಅವನು ಮೈಲಿಗೆ. ಕಲ್ಯಾಣದ ಶರಣರು ಕೈಹಾಕಿದ್ದು ಈ ಲೆಕ್ಕಕ್ಕೇ.

ಈಗ ಪಾದರಕ್ಷೆಯ ಪ್ರಸಂಗ. ಒಂದು ದಿನ ಬಸವಣ್ಣನವರು ಬೀದಿಯಲ್ಲಿ ಬರುತ್ತಿರುವಾಗ ಹರಳಯ್ಯನವರು ಎದುರಾಗಿ ಕೈಮುಗಿದು ಶರಣು ಎಂದರು. ಬಸವಣ್ಣನವರು ಪ್ರತಿಯಾಗಿ ಒಂದಕ್ಕೆ ಎರಡು ಶರಣು ಸಲ್ಲಿಸಿದರು. ರಾಜನ ಭಂಡಾರಿ ಸಮಗಾರನೊಬ್ಬನಿಗೆ ತಲೆಬಾಗಿದ ಸಂತೋಷದಲ್ಲಿ ಬೇರೆಯವರಾಗಿದ್ದರೆ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಹರಳಯ್ಯನವರು ಮನೆಗೆ ಬಂದವರು ಊಟ ಮಾಡಲಿಲ್ಲ. ತಾನು ಕೊಟ್ಟದ್ದು ಒಂದು, ಪಡೆದದ್ದು ಎರಡು. ಹೆಚ್ಚಾಗಿ ಬಂದ ಆ ಒಂದು ಶರಣು ಅವರ ಮೈಮೇಲೆ ಸಾಲವಾಗಿ ಕುಳಿತಿತು. ವ್ಯಾಪಾರ ಮಾಡುವ ನಮಗೆ ಸಾಲವೆಂದರೇನು ಎಂದು ಗೊತ್ತು, ಆದರೆ ಇಂಥ ಸಾಲವನ್ನು ಖಾತೆಗೆ ಬರೆದುಕೊಂಡವರನ್ನು ನಾವು ಕಂಡಿಲ್ಲ.

ಕಲ್ಯಾಣಮ್ಮನವರೊಡನೆ ವಿಚಾರ ಮಾಡಿದರು. ತಮ್ಮಲ್ಲಿ ಹೊನ್ನಿಲ್ಲ, ಇರುವುದು ಕಾಯಕ. ಬಸವಣ್ಣನವರಿಗೆ ಒಂದು ಜೊತೆ ಪಾದರಕ್ಷೆ ಮಾಡಿಕೊಡುವುದೆಂದು ನಿಶ್ಚಯವಾಯಿತು. ಆದರೆ ಸತ್ತ ದನದ ತೊಗಲು ಆ ಪಾದಗಳಿಗೆ ತಕ್ಕದ್ದಲ್ಲವೆಂದು ಅವರಿಗೆ ತೋರಿತು. ಹರಳಯ್ಯನವರು ತಮ್ಮ ಬಲದೊಡೆಯ ತೊಗಲನ್ನು ತೆಗೆದರು, ಕಲ್ಯಾಣಮ್ಮನವರು ಎಡದೊಡೆಯದನ್ನು ಕೊಟ್ಟರು. ಅದನ್ನು ಹದಮಾಡಿ, ಕಾಯಕದ ರೀತಿಯಲ್ಲೇ ಕೊಯ್ದು ಹೊಲಿದು, ಚಮ್ಮಾವುಗೆಗಳನ್ನು ಸಿದ್ಧಪಡಿಸಿದರು. ಇದು ನಡೆದದ್ದು ಹೇಗೆ, ಮನುಷ್ಯನ ತೊಗಲು ಅಟ್ಟೆಗೆ ತಾಳುತ್ತದೆಯೇ ಎಂದು ಕೇಳುವವರಿದ್ದಾರೆ. ಸಮಗಾರಿಕೆ ಬಲ್ಲವರು ತಾಳದೆಂದೇ ಹೇಳಬಹುದು. ಜನಮನ ಎಂಟುನೂರು ವರ್ಷ ಕಾಪಾಡಿಕೊಂಡು ಬಂದ ಸಂಗತಿ ಇದು, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದೇವೆ. ಇದರಲ್ಲಿ ನಮ್ಮ ಲಕ್ಷ್ಯಕ್ಕೆ ಬರಬೇಕಾದ ಇನ್ನೊಂದು ಮಾತುಂಟು. ಈ ಜೋಡಿನಲ್ಲಿ ಒಂದು ಕಾಲಿನದು ಗಂಡನದಾದರೆ ಇನ್ನೊಂದು ಹೆಂಡತಿಯದು. ಕಲ್ಯಾಣಮ್ಮನವರ ಪಾಲು ಸರಿಸಮ.

ಬಸವಣ್ಣನವರು ಆ ಚಮ್ಮಾವುಗೆಗಳನ್ನು ಮೆಟ್ಟಲಿಲ್ಲ. ಸಂಗತಿ ತಿಳಿದು, ತಲೆಯ ಮೇಲಿಟ್ಟುಕೊಂಡು, ಶರಣರ ಮೈತೊಗಲನ್ನು ಮೆಟ್ಟುವ ಯೋಗ್ಯತೆ ತಮಗಿಲ್ಲವೆಂದು ಹಿಂದಕ್ಕೆ ಕೊಟ್ಟರು. ಅವನ್ನು ಹಿಡಿದು ಮನೆಗೆ ಮರಳುವ ದಾರಿಯಲ್ಲಿ ಬಿಜ್ಜಳನ ಆಸ್ಥಾನದ ಮಧುವರಸರು ಎದುರಾದರು. ಬ್ರಾಹ್ಮಣ ಕುಲದವರು, ಮಂತ್ರಿ ಪದವಿಯವರು. ಅಷ್ಟು ಅಂದವಾದ ಪಾದರಕ್ಷೆಗಳು ಬಸವಣ್ಣನಿಗೆ ಬೇಡವಾದರೆ ತಮಗಿರಲೆಂದು ಮೆಟ್ಟಿದರು. ಮೆಟ್ಟಿದೊಡನೆ ಮೈಯೆಲ್ಲ ಉರಿ. ವೈದ್ಯರ ಮದ್ದು ನಾಟಲಿಲ್ಲ. ಕೊನೆಗೆ ಹರಳಯ್ಯನವರ ಮನೆಯ ನೀರಿನಿಂದ ಉರಿ ಶಮನವಾಯಿತೆಂದು ಕಥೆ. ಅದು ತೊಗಲು ನೆನೆಸುವ ಬಾನಿಯ ನೀರೆಂದೇ ಹೇಳುವವರುಂಟು. ಮಧುವರಸರು ಲಿಂಗದೀಕ್ಷೆ ಪಡೆದು ಶರಣ ಸಮೂಹವನ್ನು ಸೇರಿದರು.

ಇಲ್ಲಿಗೆ ಮಂಗಳಾರತಿ ಮಾಡಿ ಎದ್ದುಬಿಡುವುದು ನಮ್ಮ ರೂಢಿ.

ಮುಂದಿನದು ಹೀಗಿದೆ. ಮಧುವರಸರಿಗೆ ಒಬ್ಬಳು ಮಗಳಿದ್ದಳು. ಅವಳನ್ನು ಲಾವಣ್ಯವತಿ ಎಂದು ಕೆಲವರು, ಕಲಾವತಿ ಎಂದು ಕೆಲವರು ಕರೆದಿದ್ದಾರೆ. ಹರಳಯ್ಯನವರ ಮಗ ಶೀಲವಂತನಿಗೆ ಅವಳನ್ನು ಕೊಡುವುದೆಂದು ಎರಡು ಮನೆಗಳವರು ಒಪ್ಪಿದರು, ಶರಣರು ಹರಸಿದರು. ಕೂಡಿ ಉಣ್ಣುವುದನ್ನು, ಕೂಡಿ ಪೂಜಿಸುವುದನ್ನು ಕಲ್ಯಾಣದ ಸಂಪ್ರದಾಯಸ್ಥರು ಹೇಗೋ ಸಹಿಸಿಕೊಂಡಿದ್ದರು. ಹೆಣ್ಣು ಕೊಡುವುದನ್ನು ಸಹಿಸಲಿಲ್ಲ. ಮೇಲಿನ ಕುಲದ ಗಂಡು ಕೆಳಗಿನ ಕುಲದ ಹೆಣ್ಣನ್ನು ತಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ ಕಾಲವದು. ಇಲ್ಲಿ ಮಂತ್ರಿಯ ಮನೆಯ ಹೆಣ್ಣು ಸಮಗಾರರ ಮನೆಗೆ ಸೊಸೆಯಾಗಿ ಬಂದಳು. ಕೊಂಡಿ ಮಂಚಣ್ಣ ಮುಂತಾದವರು ಬಿಜ್ಜಳನ ಮುಂದೆ ದೂರು ಒಯ್ದರು. ವರ್ಣಸಂಕರವಾಯಿತು, ಧರ್ಮ ಕೆಟ್ಟಿತು, ರಾಜನಾದವನು ಸುಮ್ಮನಿರಬಾರದು ಎಂಬುದು ಅವರ ವಾದ. ಲಿಂಗ ಧರಿಸಿದ ಮೇಲೆ ಇಬ್ಬರಿಗೂ ಹಿಂದಿನ ಕುಲವಿಲ್ಲ, ಲಿಂಗವಂತರ ಮನೆಯ ಹೆಣ್ಣನ್ನು ಲಿಂಗವಂತರ ಮನೆಗೆ ಕೊಟ್ಟಿದ್ದಾರೆ, ಇದರಲ್ಲಿ ಸಂಕರವೆಲ್ಲಿಂದ ಬಂತು ಎಂಬುದು ಶರಣರ ಉತ್ತರ. ನ್ಯಾಯವಾಗಿ ನೋಡಿದರೆ ಆ ಉತ್ತರಕ್ಕೆ ಪ್ರತ್ಯುತ್ತರವಿರಲಿಲ್ಲ. ಬಿಜ್ಜಳನ ಕೈಯಲ್ಲಿ ಇದ್ದದ್ದು ಶಿಕ್ಷೆ ಮಾತ್ರ.

ಹರಳಯ್ಯ, ಮಧುವರಸ ಇಬ್ಬರನ್ನೂ ಹಿಡಿತರಿಸಿದನು. ಕಣ್ಣು ಕೀಳಿಸಿದನೆಂದು ಪುರಾಣಗಳು ಹೇಳುತ್ತವೆ. ಆನೆಯ ಕಾಲಿಗೆ ಕಟ್ಟಿ ಕಲ್ಯಾಣದ ಬೀದಿಗಳಲ್ಲಿ ಸಾಯುವತನಕ ಎಳೆಸಿದನೆಂಬುದು ಜನ ನೆನಪಿಟ್ಟ ಮಾತು. ಎಳೆಹೂಟೆ ಎಂದು ಅದಕ್ಕೆ ಹೆಸರು. ಶೀಲವಂತನೂ ಅದೇ ಶಿಕ್ಷೆಗೆ ಗುರಿಯಾದನೆಂದು ಹೇಳುವವರಿದ್ದಾರೆ. ಬೀಗರಿಬ್ಬರು, ಒಬ್ಬ ಸಮಗಾರ, ಒಬ್ಬ ಬ್ರಾಹ್ಮಣ, ಜೀವದಲ್ಲಿ ಕೂಡಿದಂತೆ ಮರಣದಲ್ಲೂ ಒಂದೇ ಹಗ್ಗದಲ್ಲಿ ಹೋದರು. ಕಲ್ಯಾಣಮ್ಮನವರ ಆಮೇಲಿನ ದಿನಗಳ ಬಗ್ಗೆ ನಮ್ಮ ಪುರಾಣಗಾರರು ಮಾತಾಡುವುದು ಬಲು ಕಡಿಮೆ. ಸಮಪಾಲು ಕೊಟ್ಟ ತಾಯಿಯ ಮಟ್ಟಿಗೆ ಇದು ಸರಿಯಲ್ಲವೆಂದು ನಮ್ಮ ಭಾವನೆ.

ಬಸವಣ್ಣನವರು ಭಂಡಾರಿ ಪದವಿಯನ್ನು ತೊರೆದು ಕೂಡಲಸಂಗಮಕ್ಕೆ ನಡೆದರು, ಅಲ್ಲಿಯೇ ಐಕ್ಯರಾದರು. ಜಗದೇವ, ಮೊಲ್ಲೆಬೊಮ್ಮಯ್ಯರ ಕೈಯಿಂದ ಬಿಜ್ಜಳನ ಕೊಲೆಯಾಯಿತೆಂದು ಪ್ರತೀತಿ. ಇವೆಲ್ಲ 1167-68ರ ಸುಮಾರಿನಲ್ಲಿ ಆದದ್ದು. ಸೈನ್ಯ ಬೆನ್ನಟ್ಟಿತು, ಶರಣರು ವಚನದ ಕಟ್ಟುಗಳನ್ನು ಹೊತ್ತು ದಿಕ್ಕಾಪಾಲಾದರು. ಚೆನ್ನಬಸವಣ್ಣನವರ ದಂಡು ಉಳವಿಯತ್ತ ಹೊರಟಾಗ ಕಾದಾಡುತ್ತ ಹೋದವರಲ್ಲಿ ತೊಗಲು ಹದಮಾಡುವ ಕಾಯಕದ ಡೋಹರ ಕಕ್ಕಯ್ಯನವರೂ ಇದ್ದರು. ಖಾನಾಪುರ ತಾಲೂಕಿನ ಕಕ್ಕೇರಿಯಲ್ಲಿ ಅವರು ಐಕ್ಯರಾದರು, ಊರಿಗೆ ಅವರದೇ ಹೆಸರು ಉಳಿಯಿತು. ನಾವು ಇಂದು ಓದುವ ವಚನಗಳು ಉಳಿದದ್ದರಲ್ಲಿ ಇಂಥವರ ನೆತ್ತರಿನ ಋಣವಿದೆ.

ತೊಡೆಯ ತೊಗಲು ಕೊಡಿರೆಂದು ಇಂದು ನಮ್ಮನ್ನು ಯಾರೂ ಕೇಳುವುದಿಲ್ಲ. ಆದ್ದರಿಂದ ಆ ಕಥೆಗೆ ಅಳುವುದು ಸುಲಭ. ಮದುವೆಯ ಕಥೆ ಹಾಗಲ್ಲ, ಅದು ನಮ್ಮ ಮನೆಯ ಹೊಸ್ತಿಲಿಗೇ ಬಂದು ನಿಲ್ಲುತ್ತದೆ. ಲಿಂಗಾಯತರೊಳಗಿನ ಒಳಪಂಗಡಗಳ ನಡುವೆಯೇ ಹೆಣ್ಣು ಕೊಟ್ಟು ತರಲು ಹಿಂದೆಮುಂದೆ ನೋಡುವ ನಾವು, ಹರಳಯ್ಯನವರ ಸೊಸೆಯ ಹೆಸರನ್ನು ಬೇಗ ಬೇಗ ಹೇಳಿ ಮುಂದೆ ಹೋಗುವುದರಲ್ಲಿ ಆಶ್ಚರ್ಯವಿಲ್ಲ. ಬರುವ ಶ್ರಾವಣದಲ್ಲಿ ಶಾಸ್ತ್ರಿಗಳಿಗೆ ಈ ಪ್ರಸಂಗಕ್ಕೆ ಎರಡು ದಿನ ಬಿಟ್ಟುಕೊಡಬೇಕೆಂದು ಊರಿನ ಹಿರಿಯರಲ್ಲಿ ನಮ್ಮ ಬಿನ್ನಹ. ಆ ಎರಡು ದಿನವೂ ಊರಿನ ಸಮಗಾರ, ಡೋಹರ, ಮಾದಾರ ಬಂಧುಗಳನ್ನು ಮನೆಮನೆಗೆ ಹೋಗಿ ಕರೆತಂದು, ಒಳಗೆ ಮುಂದಿನ ಸಾಲಿನಲ್ಲಿ ಕೂಡ್ರಿಸಬೇಕು, ಪ್ರಸಾದಕ್ಕೆ ಒಂದೇ ಪಂಕ್ತಿಯಲ್ಲಿ ಕೂಡಬೇಕು.

ಬಸವಕಲ್ಯಾಣದಲ್ಲಿ ಹರಳಯ್ಯನವರ ಗವಿ ಇದೆ. ಅನುಭವ ಮಂಟಪ, ಬಂದವರ ಓಣಿ, ತ್ರಿಪುರಾಂತ ಕೆರೆ ನೋಡಿಬರುವ ಭಕ್ತರು ಆ ಗವಿಯನ್ನು ಬಿಟ್ಟು ಬರುವುದುಂಟು. ಸೊಲ್ಲಾಪುರದಿಂದ ಹೈದರಾಬಾದಿಗೆ ಸರಕು ಸಾಗಿಸುವ ನಮ್ಮ ವ್ಯಾಪಾರಸ್ಥರಿಗೆ ಅದು ದಾರಿಯಲ್ಲೇ ಸಿಗುವ ಊರು, ಹೆದ್ದಾರಿಯಿಂದ ಸ್ವಲ್ಪ ಒಳಗೆ ಹೋದರಾಯಿತು.