ವಿದುಷಿ ಮೇರಿ ಸಾಮರ್ವಿಲ್

ಬಾಲಕಿಯರಿಗೆ ಬೀಜಗಣಿತವೇಕೆ ಎಂದು ಕೇಳುವ ತಾಯ್ತಂದೆಗಳು ಎಲ್ಲ ಕಾಲದಲ್ಲಿಯೂ ಉಂಟು. ಅವರಿಗೆ ಮೇರಿ ಸಾಮರ್ವಿಲ್ ಎಂಬಾಕೆಯ ಚರಿತ್ರೆಯೇ ತಕ್ಕ ಉತ್ತರವಾಗಿದೆ.

ಈಕೆಯು 1780ನೆಯ ಇಸವಿ ಡಿಸೆಂಬರ್ 26ರಂದು ಸ್ಕಾಟ್ಲೆಂಡಿನ ಜೆಡ್‌ಬರೋ ಎಂಬ ಊರಿನಲ್ಲಿ ಜನಿಸಿದಳು. ತಂದೆಯು ನೌಕಾಸೈನ್ಯದ ಅಧಿಕಾರಿ. ವಸತಿಶಾಲೆಯ ಶಿಕ್ಷಣವು ಒಂದೇ ವರ್ಷದಲ್ಲಿ ಮುಗಿಯಿತು. ಅನಂತರ ಹೊಲಿಗೆ, ಸಂಗೀತ, ಚಿತ್ರಲೇಖನಗಳೇ ಆಕೆಗೆ ಸಾಕೆಂದು ಹಿರಿಯರು ಎಣಿಸಿದರು. ಒಮ್ಮೆ ಸ್ತ್ರೀಯರ ಉಡುಪುಗಳ ಮಾಸಪತ್ರಿಕೆಯೊಂದರಲ್ಲಿ, ಒಗಟಿನ ಲೆಕ್ಕದೊಳಗೆ ಎಕ್ಸ್, ವೈ ಎಂಬ ಅಕ್ಷರಗಳು ಬೆರೆತಿರುವುದನ್ನು ಕಂಡು ಬೆರಗಾದಳು. ವಿಚಾರಿಸಲಾಗಿ, ಬೀಜಗಣಿತವೆಂಬ ಹೆಸರು ಮಾತ್ರ ತಿಳಿಯಿತು.

ಆ ಅಕ್ಷರಗಳ ಮರ್ಮವು ಕಠಿನವಲ್ಲ. ಒಂದು ಸಂಖ್ಯೆಯ ಮೂರರಷ್ಟಕ್ಕೆ 5 ಕೂಡಿದರೆ 26 ಆಗುವುದೆನ್ನೋಣ. ಅರಿಯದ ಆ ಸಂಖ್ಯೆಗೆ ಎಕ್ಸ್ ಎಂದು ಹೆಸರಿಡುವೆವು. ತಕ್ಕಡಿಯ ತಟ್ಟೆಗಳಂತಿರುವ ಎರಡು ಪಕ್ಷಗಳಿಂದಲೂ 5 ಕಳೆದರೆ ಮೂರು ಎಕ್ಸ್ 21ಕ್ಕೆ ಸಮ. ಎರಡನ್ನೂ 3ರಿಂದ ಭಾಗಿಸಿದರೆ ಎಕ್ಸ್ 7. ಒಂದು ಪಕ್ಷಕ್ಕೆ ಮಾಡಿದುದನ್ನು ಇನ್ನೊಂದಕ್ಕೂ ಮಾಡಬೇಕೆಂಬುದೇ ಸಮೀಕರಣದ ನ್ಯಾಯ.

ಆದರೆ ಆ ಮನೆಯಲ್ಲಿ ಈ ನ್ಯಾಯವು ನಡೆಯಲಿಲ್ಲ. ತಮ್ಮನಿಗೆ ಉಪಾಧ್ಯಾಯರಿದ್ದರು, ಅಕ್ಕನಿಗಿಲ್ಲ. ಹೆಣ್ಣುಮಗಳು ಅಂಗಡಿಗೆ ಹೋಗಿ ಗಣಿತದ ಪುಸ್ತಕವನ್ನು ಕೇಳುವಂತೆಯೂ ಇರಲಿಲ್ಲ. ಆ ಉಪಾಧ್ಯಾಯರೇ ಯೂಕ್ಲಿಡನ ಕ್ಷೇತ್ರಗಣಿತವನ್ನೂ ಬಾನಿಕ್ಯಾಸಲನ ಬೀಜಗಣಿತವನ್ನೂ ತಂದುಕೊಟ್ಟರು. ಮೇರಿ ಇರುಳೆಲ್ಲಾ ಓದತೊಡಗಿದಳು. ಮೇಣದ ಬತ್ತಿಗಳು ಮುಗಿಯುತ್ತಿರುವುದನ್ನು ಕಂಡು ತಾಯಿಯು ಬತ್ತಿಯನ್ನೇ ತೆಗೆಸಿಬಿಟ್ಟಳು. ಹೆಚ್ಚು ಓದಿದರೆ ಮಗಳಿಗೆ ಬುದ್ಧಿಭ್ರಮಣೆಯಾದೀತೆಂದು ತಂದೆಯು ಹೆದರಿದನು. ಮೇರಿಯಾದರೋ ಕತ್ತಲೆಯಲ್ಲಿ ಮಲಗಿ, ಕಂಠಪಾಠವಾಗಿದ್ದ ಪ್ರಮೇಯಗಳನ್ನು ಮನಸ್ಸಿನಲ್ಲಿಯೇ ಸಾಧಿಸಿದಳು.

1804ರಲ್ಲಿ ವಿವಾಹವಾಯಿತು. ಸ್ತ್ರೀಯರ ಬುದ್ಧಿಯಲ್ಲಿ ಪತಿಗೆ ಗೌರವವಿರಲಿಲ್ಲ. ಆತನು 1807ರಲ್ಲಿ ತೀರಿಕೊಳ್ಳಲು, ಇಬ್ಬರು ಮಕ್ಕಳ ತಾಯಿಯಾಗಿದ್ದ ಆಕೆಯು ತವರಿಗೆ ಮರಳಿ ವ್ಯಾಸಂಗವನ್ನು ಮುಂದುವರಿಸಿದಳು. 1811ರಲ್ಲಿ ಗಣಿತಪತ್ರಿಕೆಯೊಂದರ ಸಮಸ್ಯೆಯನ್ನು ಬಿಡಿಸಿ ಬೆಳ್ಳಿಯ ಪದಕವನ್ನು ಗಳಿಸಿದಳು. ಮರುವರ್ಷ ಕೈಹಿಡಿದ ಡಾಕ್ಟರ್ ವಿಲಿಯಂ ಸಾಮರ್ವಿಲ್ಲರು ಆಕೆಯ ವಿದ್ಯೆಗೆ ಆಸರೆಯಾದರು. ಮನೆಗೆಲಸ, ಮಕ್ಕಳ ಪಾಲನೆಗಳ ನಡುವೆಯೇ ಲಾಪ್ಲಾಸನ ಖಗೋಳಗಣಿತವನ್ನು ಇಂಗ್ಲಿಷಿನಲ್ಲಿ ವಿವರಿಸಿ 1831ರಲ್ಲಿ ಪ್ರಕಟಿಸಿದಳು. ಕೇಂಬ್ರಿಜ್ಜಿನ ವಿದ್ಯಾರ್ಥಿಗಳು ಅದನ್ನು ಓದಿದರು. 1835ರಲ್ಲಿ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯು ಆಕೆಗೂ ಕ್ಯಾರೊಲಿನ್ ಹರ್ಷೆಲಳಿಗೂ ಗೌರವ ಸದಸ್ಯತ್ವವನ್ನಿತ್ತಿತು.

1872ರಲ್ಲಿ, ತೊಂಬತ್ತೊಂದನೆಯ ವಯಸ್ಸಿನಲ್ಲಿ, ನೇಪಲ್ಸಿನಲ್ಲಿ ದೈವಾಧೀನಳಾದಳು. 1879ರಲ್ಲಿ ಆಕ್ಸ್‌ಫರ್ಡಿನಲ್ಲಿ ಸ್ಥಾಪಿತವಾದ ಸ್ತ್ರೀವಿದ್ಯಾಲಯಕ್ಕೆ ಆಕೆಯ ಹೆಸರನ್ನೇ ಇಟ್ಟರು. ನಾಸಿಕದಲ್ಲಿ ಹುಟ್ಟಿದ ನಮ್ಮ ಕ್ರೈಸ್ತ ಸೋದರಿ ಕೊರ್ನೇಲಿಯಾ ಸೊರಾಬ್ಜಿ 1889ರಲ್ಲಿ ಅಲ್ಲಿಯೇ ಸೇರಿ ನ್ಯಾಯಶಾಸ್ತ್ರವನ್ನು ವ್ಯಾಸಂಗಮಾಡಿದಳು.

ದೇವರು ಬುದ್ಧಿಯನ್ನು ದಯಪಾಲಿಸುವಾಗ ಗಂಡು ಹೆಣ್ಣೆಂಬ ಪಕ್ಷಪಾತವನ್ನು ಮಾಡಲಿಲ್ಲ. ಮಾತಾಪಿತೃಗಳೇ, ಓದುವ ಮಗಳ ಮುಂದಿನ ದೀಪವನ್ನು ತೆಗೆಯಬೇಡಿರಿ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಹೆಣ್ಣುಮಕ್ಕಳಿಗೆ ಆ ದೀಪವನ್ನು ನೀವೇ ಹಚ್ಚಿಕೊಡಿರಿ.