ಕಲಿತು ಬಿಟ್ಟದ್ದು



ಆಧುನಿಕ ಕಲೆಯಲ್ಲಿ ಬೇಡದ್ದನ್ನೆಲ್ಲ ಕಳೆಯುತ್ತ ಹೋಗುವ ದಾರಿಯೊಂದಿದೆ. ನಮ್ಮ ನಾಡಿನ ಕೆ.ಕೆ. ಹೆಬ್ಬಾರರು ತಮ್ಮ ರೇಖಾಚಿತ್ರಗಳಲ್ಲಿ ಆ ದಾರಿ ಹಿಡಿದರು. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದರು. ಮುಂಬೈನ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲೇ ಪಾಠ ಹೇಳಿದರು. ಮುಂದೆ ಪ್ಯಾರಿಸ್‌ನಲ್ಲೂ ಅಭ್ಯಾಸ ಮಾಡಿದರು. ಕಂಡದ್ದನ್ನು ಕಂಡ ಹಾಗೆ ಬಿಡಿಸುವ ವಿದ್ಯೆ ಕೈವಶವಾಗಿತ್ತು. ಸಾಲದೆಂದು, ಲಯ ತಿಳಿಯಲು ಪಂಡಿತ್ ಸುಂದರಪ್ರಸಾದರ ಬಳಿ ಕಥಕ್ ನೃತ್ಯವನ್ನೂ ಕಲಿತರು. ಅವರ ರೇಖಾಚಿತ್ರದ ನರ್ತಕಿಯಲ್ಲಿ ಒಡವೆ, ನೆರಿಗೆಗಳ ವಿವರ ಕಳಚಿ ಕೆಲವೇ ಗೆರೆಗಳು ಉಳಿದವು. ಕುಣಿತ ಮಾತ್ರ ಹಾಗೇ ಇತ್ತು. 1989ರಲ್ಲಿ ಪದ್ಮಭೂಷಣ ಬಂತು, 1996ರಲ್ಲಿ ತೀರಿಕೊಂಡರು.

ಈ ಸರಳತೆಯನ್ನು ಬಡತನದ ಜೊತೆ ಬೆರೆಸಬಾರದು ಎಂದು ನನಗನಿಸುತ್ತದೆ. ನಮ್ಮ ಹಿರಿಯರ ಬರಿದಾದ ಮನೆ ಅವರ ಆಯ್ಕೆಯಲ್ಲ, ಅವರ ಮೇಲೆ ಹೇರಿದ್ದು. ಬಡತನವನ್ನು ಹಿರಿದೆಂದು ಹೊಗಳುವ ಧರ್ಮವನ್ನು ಬಾಬಾಸಾಹೇಬರು ಒಪ್ಪಲಿಲ್ಲ. ಸಿದ್ಧಾರ್ಥರು ಬಿಟ್ಟದ್ದು ತಮ್ಮ ಬಳಿ ಇದ್ದದ್ದನ್ನು. ಹೆಬ್ಬಾರರೂ ಕಲಿತ ಮೇಲೆ ಬಿಟ್ಟರು. ತೆಲಿಗಿಯ ನಮ್ಮ ಮಕ್ಕಳ ಕೈಗೆ ಮೊದಲು ಪುಸ್ತಕ, ಬಣ್ಣ ಸಿಗಲಿ. ಏನನ್ನು ಬಿಡಬೇಕೆಂದು ಆಮೇಲೆ ಅವರೇ ತೀರ್ಮಾನಿಸಲಿ.