ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರು

ಪರಸ್ಥಳಗಳಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಲ್ಲಿ ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಇಳಿಯದವರು ವಿರಳ. ಅದರ ಸಮೀಪದಲ್ಲಿರುವ ತೋಟದಪ್ಪನವರ ಛತ್ರದ ಹೆಸರನ್ನು ಕೇಳದವರೂ ವಿರಳವೇ ಸರಿ. ಆದರೆ ಆ ಹೆಸರಿನ ಮಹನೀಯರ ಜೀವನವನ್ನು ನಾವು ಸ್ಮರಿಸುವುದು ಅಪರೂಪ.

ತೋಟದಪ್ಪನವರು 1838ರಲ್ಲಿ ತುಮಕೂರು ಸೀಮೆಯ ಗುಬ್ಬಿಯಲ್ಲಿ, ವೀರಶೈವ ವರ್ತಕ ಮನೆತನವೊಂದರಲ್ಲಿ ಜನಿಸಿದರು. ಬಳಿಕ ಬೆಂಗಳೂರಿಗೆ ಬಂದು ಮಾಮೂಲುಪೇಟೆಯಲ್ಲಿ ವ್ಯಾಪಾರ ನಡೆಸಿದರು. ಸಂಪತ್ತು ಕೂಡಿತು, ಸಂತಾನಭಾಗ್ಯ ಮಾತ್ರ ಒದಗಲಿಲ್ಲ. ದತ್ತಕ ಸ್ವೀಕರಿಸುವುದು, ಇಲ್ಲವೇ ದಾಯಾದಿಗಳಿಗೆ ಬಿಟ್ಟುಹೋಗುವುದು ಅಂದಿನ ರೂಢಿ. ತೋಟದಪ್ಪನವರು ತಮ್ಮ ಆಸ್ತಿಗೆ ಬೇರೆ ಬಗೆಯ ವಾರಸುದಾರರನ್ನು ಆರಿಸಿಕೊಂಡರು.

ಅದನ್ನು ತಿಳಿಯಲು ಅಂದಿನ ರೈಲುಮಾರ್ಗದ ಸ್ಥಿತಿಯನ್ನು ಅರಿಯಬೇಕು. ಮದರಾಸಿನ ಕಡೆಯ ಬ್ರಾಡ್ ಗೇಜ್ ಹಳಿ 1864ರಲ್ಲಿ ಬೆಂಗಳೂರಿನ ದಂಡು ಪ್ರದೇಶವನ್ನು ಮುಟ್ಟಿತ್ತು. ಮೈಸೂರಿನ ಮೀಟರ್ ಗೇಜ್ ಮಾರ್ಗ 1882ರ ವೇಳೆಗೆ ಸಿದ್ಧವಾಯಿತು. ಮುಂದೆ ತುಮಕೂರು, ಹರಿಹರ, ಹುಬ್ಬಳ್ಳಿಗಳ ಮಾರ್ಗವೂ ಮೀಟರ್ ಗೇಜಿನಲ್ಲೇ ಬೆಳೆಯಿತು. ಎರಡು ಅಳತೆಯ ಹಳಿಗಳು ಕೂಡುವೆಡೆಯಲ್ಲಿ ಒಂದೇ ಗಾಡಿ ಮುಂದೆ ಸಾಗಲಾರದು. ಪ್ರಯಾಣಿಕನು ಗಂಟುಮೂಟೆಗಳೊಡನೆ ಇಳಿಯಬೇಕು, ಮತ್ತೊಂದು ಗಾಡಿಗಾಗಿ ಕಾಯಬೇಕು. ಹೆಂಗಸರು, ಮಕ್ಕಳು, ವೃದ್ಧರು ಇದ್ದರಂತೂ ಆ ಕಾಯುವಿಕೆ ಎಷ್ಟು ಕಷ್ಟವೆಂಬುದನ್ನು ರೈಲ್ವೆಯಲ್ಲಿ ಸೇವೆ ಸಲ್ಲಿಸಿದ ನನ್ನಂಥವರು ಕಣ್ಣಾರೆ ಕಂಡಿದ್ದೇವೆ.

1897ರಲ್ಲಿ ತೋಟದಪ್ಪನವರು ರೈಲು ನಿಲ್ದಾಣದ ಸಮೀಪದಲ್ಲಿ ಸುಮಾರು 2.5 ಎಕರೆ ಭೂಮಿಯನ್ನು ಕೊಂಡರು. ಅಲ್ಲಿ ನಿರ್ಮಿಸಿದ ಧರ್ಮಛತ್ರವು 1903ರ ಫೆಬ್ರವರಿಯಲ್ಲಿ ಪ್ರಾರಂಭವಾಯಿತು. 1905ರಲ್ಲಿ ವಿದ್ಯಾರ್ಥಿಗಳಿಗಾಗಿ ಉಚಿತ ವಸತಿನಿಲಯವೂ ಆರಂಭಗೊಂಡಿತು.

ಬಾವಿ, ಕೆರೆ, ದೇವಾಲಯ, ಅನ್ನದಾನ, ಉದ್ಯಾನ ಮೊದಲಾದವನ್ನು ನಮ್ಮ ಧರ್ಮಶಾಸ್ತ್ರವು ಪೂರ್ತವೆಂದು ಕರೆಯುತ್ತದೆ. ಗೀತೆಯ 17ನೆಯ ಅಧ್ಯಾಯದಲ್ಲಿ ಭಗವಂತನು ಸಾತ್ವಿಕ ದಾನಕ್ಕೆ ದೇಶ, ಕಾಲ, ಪಾತ್ರಗಳ ವಿವೇಕವನ್ನು ವಿಧಿಸಿ, ಪ್ರತ್ಯುಪಕಾರ ಮಾಡಲಾರದವನಿಗೆ ಕೊಡುವುದೇ ಅದರ ಲಕ್ಷಣವೆಂದು ತಿಳಿಸಿದ್ದಾನೆ. ಮತಾಚಾರಗಳು ಬೇರೆಯಾದರೂ, ಈ ಲಕ್ಷಣಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯುವುದು ಕಷ್ಟ. ದೇಶ, ಗಾಡಿ ಬದಲಿಸುವ ಊರು. ಕಾಲ, ಗಾಡಿಯಿಲ್ಲದ ರಾತ್ರಿ. ಪಾತ್ರ, ಬೆಳಗಾದೊಡನೆ ಹೊರಟುಹೋಗುವ ದಾರಿಹೋಕ. ಅವನು ದಾತನ ಮುಖವನ್ನು ಕಾಣನು, ದಾತನು ಅವನ ಹೆಸರನ್ನು ಅರಿಯನು.

ಹೀಗೆ ಪರಿಚಯವೇ ಇಲ್ಲದವನಿಗೆ ಕೊಡಲು ಮನಸ್ಸು ಹೇಗೆ ಒಪ್ಪುತ್ತದೆ? ಸಾಮಾನ್ಯವಾಗಿ ನಾವು, ಮೊದಲು ಪ್ರೀತಿ ಹುಟ್ಟಬೇಕು, ಆಮೇಲೆ ಕೈ ಬಿಚ್ಚಬೇಕು ಎಂದು ಭಾವಿಸುತ್ತೇವೆ. ಅನುಭವವು ಇದಕ್ಕೆ ವಿಪರೀತವಾದುದನ್ನೂ ತೋರಿಸುತ್ತದೆ. ಕೊಡುತ್ತ ಹೋದಂತೆ ನಮ್ಮವರೆಂಬ ಭಾವನೆಯ ಪರಿಧಿ ತಾನಾಗಿ ವಿಸ್ತರಿಸುತ್ತದೆ. ಕೂಡಿಡುತ್ತ ಹೋದಂತೆ ಅದು ಮನೆಯ ಹೊಸ್ತಿಲಿಗೆ ಕುಗ್ಗುತ್ತದೆ. ಮಕ್ಕಳಿಲ್ಲದ ಮನೆಯ ಶೂನ್ಯವು ಮನುಷ್ಯನನ್ನು ಲೋಭಿಯನ್ನಾಗಿಯೂ ಮಾಡಬಲ್ಲದು, ಲೋಕಬಂಧುವನ್ನಾಗಿಯೂ ಮಾಡಬಲ್ಲದು. ತೋಟದಪ್ಪನವರಿಗೆ ಎರಡು ದಾರಿಗಳೂ ತೆರೆದಿದ್ದವು. ಅವರೂ ಒಂದು ದಿನ ಗುಬ್ಬಿಯಿಂದ ಈ ಪಟ್ಟಣಕ್ಕೆ ಹೊಸಬರಾಗಿ ಬಂದವರೇ ಅಲ್ಲವೆ? ಪರವೂರಿನವನಲ್ಲಿ ಅವರು ತಮ್ಮನ್ನೇ ಕಂಡಿರಬೇಕೆಂದು ನನಗೆ ತೋರುತ್ತದೆ.

ದಾನಕ್ಕೆ ಒಳಗಿನ ಶತ್ರುವೊಂದುಂಟು. ಅದು ನಾನು ಕೊಟ್ಟೆನೆಂಬ ಅಹಂಕಾರ. ತೋಟದಪ್ಪನವರು ಅಂತ್ಯಕಾಲ ಸಮೀಪಿಸಿದಾಗ ತಮ್ಮ ಸಮಸ್ತ ಆಸ್ತಿಯನ್ನೂ ಧರ್ಮಸಂಸ್ಥೆಗೆ ಒಪ್ಪಿಸಿದರು. ಅದರ ಮೊದಲ ಅಧ್ಯಕ್ಷರಾದವರು ಸರ್ ಕೆ. ಪಿ. ಪುಟ್ಟಣ್ಣ ಚೆಟ್ಟಿಯವರು. ಒಡೆತನವನ್ನೇ ತ್ಯಜಿಸಿದವನಿಗೆ ಅಹಂಕಾರವು ನಿಲ್ಲಲು ನೆಲೆಯೆಲ್ಲಿ? ಮೈಸೂರಿನ ಅರಸರಾದ ನಾಲ್ವಡಿ ಕೃಷ್ಣರಾಜ ಒಡೆಯರು ಅವರಿಗೆ ಧರ್ಮಪ್ರವರ್ತ ಎಂಬ ಬಿರುದನ್ನಿತ್ತರು. ಬ್ರಿಟಿಷ್ ಸರ್ಕಾರದಿಂದ ರಾವ್ ಬಹದ್ದೂರ್ ಪದವಿಯೂ ಬಂದಿತು. 1910ರಲ್ಲಿ ಅವರು ಕಾಲವಾದರು.

ಹಳಿಗಳ ಅಳತೆ ಇಂದು ಒಂದೇ ಆಗಿದೆ. ಬೆಂಗಳೂರಿನಲ್ಲಿ ಆ ಕಾರಣಕ್ಕೆ ಯಾರೂ ಗಾಡಿ ಬದಲಿಸಬೇಕಾಗಿಲ್ಲ. ಆದರೆ ಊರು ಬದಲಿಸುವವರ ಸಂಖ್ಯೆ ಕಡಿಮೆಯಾಗಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಭಾಷೆ ತಿಳಿಯದ ಊರಿನಲ್ಲಿ, ಗುರುತಿಲ್ಲದ ಗೃಹಸ್ಥರೊಬ್ಬರು ಮಳೆಯ ರಾತ್ರಿ ಚಾಪೆ ಹಾಸಿ ಊಟವಿಕ್ಕಿದರು. ಮತ್ತೆ ಅವರನ್ನು ಕಾಣುವ ಯೋಗ ಬರಲಿಲ್ಲ. ಆ ಋಣ ಅವರಿಗೆ ಸಂದಾಯವಾಗಲಿಲ್ಲ. ಇಂಥ ಋಣವಿಲ್ಲದ ಮನೆ ನಮ್ಮಲ್ಲಿ ಯಾವುದಿದೆ? ಕೊಟ್ಟವರಿಗೆ ಹಿಂದಿರುಗಿಸಲಾಗದ ಈ ಋಣವನ್ನು, ನಾಳೆ ಪೆಟ್ಟಿಗೆ ಹಿಡಿದು ನಮ್ಮ ಬಾಗಿಲಿಗೆ ಬರುವ ಹುಡುಗನಿಗೆ ಸಲ್ಲಿಸಬೇಕು. ಸಲ್ಲಿಸಿ, ಕೃಷ್ಣಾರ್ಪಣವೆಂದು ಮರೆತುಬಿಡಬೇಕು.